ವಿವಿಯನ್ ಲೀ: ಹತ್ತು ಶ್ರೇಷ್ಠ ಚಿತ್ರಗಳ ಶ್ರೇಯಾಂಕ

ಬೆಂಗಳೂರು: ಹಾಲಿವುಡ್‌ನ ಸುವರ್ಣಯುಗದ ನಾಯಕಿಯರನ್ನು ಹೆಸರಿಸುವಾಗ ಯಾರೂ ಮರೆಯದ, ಶ್ರೇಷ್ಠ ನಟಿ ಆಸ್ಕರ್ ಪ್ರಶಸ್ತಿಯನ್ನು ಎರಡು ಬಾರಿ ಪಡೆದ ವಿವಿಯನ್ ಲೀ ಅವರಿಗೂ ಬೆಂಗಳೂರಿನ ದಂಡು ಪ್ರದೇಶಕ್ಕೂ ತೆಳುವಾದ ಒಂದು ನಂಟಿದೆ. 1913ರ ನವೆಂಬರ್ 5ರಂದು ಡಾರ್ಜಿಲಿಂಗ್‌ನಲ್ಲಿ ಜನಿಸಿದ ವಿವಿಯನ್ ಮೇರಿ ಹಾರ್ಟ್ಲಿಯ ತಂದೆ ಅರ್ನೆಸ್ಟ್ ಹಾರ್ಟ್ಲಿ ಕೋಲ್ಕತ್ತದಲ್ಲಿ ದಲ್ಲಾಳಿ ವ್ಯವಹಾರ ನಡೆಸುತ್ತಿದ್ದವರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಭಾರತೀಯ ಅಶ್ವದಳದ ಅಧಿಕಾರಿಯಾದ ಅವರು 1917ರಲ್ಲಿ ಬೆಂಗಳೂರಿಗೆ ವರ್ಗವಾದರು. ಪತ್ನಿ ಗರ್ಟ್ರೂಡ್ ಮತ್ತು ಪುಟ್ಟ ಮಗಳು ಉದಕಮಂಡಲದಲ್ಲಿ ಉಳಿದರು. ತಾಯಿಯ ಹವ್ಯಾಸಿ ನಾಟಕ ತಂಡದ ವೇದಿಕೆಯಲ್ಲಿ ಶಿಶುಗೀತೆಯೊಂದನ್ನು ಒಪ್ಪಿಸಿ ಮೊದಲ ಬಾರಿಗೆ ರಂಗವೇರಿದಾಗ ಆ ಬಾಲಕಿಗೆ ಮೂರು ವರ್ಷ. ಆರು ವರ್ಷ ತುಂಬಿದ ಮೇಲೆ ಆಕೆಯನ್ನು ಇಂಗ್ಲೆಂಡಿನ ಕಾನ್ವೆಂಟ್ ಶಾಲೆಗೆ ಸೇರಿಸಲಾಯಿತು.

ಆದ್ದರಿಂದ ವಿವಿಯನ್ ಲೀ ಬೆಂಗಳೂರಿನ ಹುಡುಗಿ ಎಂದು ಹೇಳಿಕೊಳ್ಳುವ ಹಕ್ಕು ನಮಗಿಲ್ಲ. ಆದರೆ ಆಕೆ ಯಾವ ಲೋಕದ ಕೂಸು ಎಂಬುದನ್ನು ಅರಿಯಲು ಶಿವಾಜಿನಗರ, ಹಲಸೂರುಗಳ ಬೀದಿಗಳಲ್ಲಿ ಒಮ್ಮೆ ನಡೆದು ಬಂದರೆ ಸಾಕು. 1809ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡಿನ ಆಡಳಿತವೇ ಬೇರೆ, ಪೇಟೆಯ ಬದುಕೇ ಬೇರೆ. ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ ಎಂಬ ಹೆಸರುಗಳು ಇಂದಿಗೂ ಉಳಿದಿವೆ. ಹಾರ್ಟ್ಲಿ ಅವರ ಅಶ್ವದಳವನ್ನು ನೆನಪಿಸುವ ಕ್ಯಾವಲ್ರಿ ರಸ್ತೆ ಮಾತ್ರ ಕಾಮರಾಜ ರಸ್ತೆಯಾಗಿದೆ. ಬಂಗಲೆಗಳಲ್ಲಿ ದುಡಿಯುತ್ತಿದ್ದ ಬಟ್ಲರುಗಳು, ಆಯಾಗಳು, ಕುದುರೆ ಲಾಯದ ಆಳುಗಳು ಬ್ಲ್ಯಾಕ್‌ಪಳ್ಳಿಯಂತಹ ಒತ್ತೊತ್ತಾದ ಕೇರಿಗಳಲ್ಲಿದ್ದರು. ಆ ಬ್ಲ್ಯಾಕ್‌ಪಳ್ಳಿಯೇ ಇಂದಿನ ಶಿವಾಜಿನಗರ.

ಇಂಗ್ಲಿಷ್ ಚಿತ್ರಗಳು ಬೆಂಗಳೂರಿಗರಿಗೆ ಪರಿಚಯವಾದದ್ದೂ ದಂಡಿನ ಮೂಲಕವೇ. ಅಂದಿನ ಸೌತ್ ಪರೇಡ್, ಇಂದಿನ ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ, ಬ್ರಿಗೇಡ್ ರಸ್ತೆಯ ರೆಕ್ಸ್, ರೆಸಿಡೆನ್ಸಿ ರಸ್ತೆಯ ಮೂಲೆಯ ಆಪೆರಾ ಹೌಸ್, ಬೆಂಗಳೂರು ರೈಫಲ್ ವಾಲಂಟಿಯರ್ಸ್ ಪಡೆಯ ಹೆಸರು ಹೊತ್ತ ಬಿ.ಆರ್.ವಿ., ಆಮೇಲೆ ಬಂದ ಲಿಡೋ, ಗ್ಯಾಲಕ್ಸಿ ಇವೆಲ್ಲ ಒಂದು ತಲೆಮಾರಿನ ಚಿತ್ರರಸಿಕರ ಪಾಠಶಾಲೆಗಳು. ಇವುಗಳಲ್ಲಿ ಯಾವುದೂ ಇಂದು ಚಿತ್ರಮಂದಿರವಾಗಿ ಉಳಿದಿಲ್ಲ. ಲಿಡೋ ಇದ್ದಲ್ಲಿ ಮಾಲ್ ಎದ್ದಿದೆ; ಆಪೆರಾ ಹೌಸ್ 2018ರಲ್ಲಿ ಎಲೆಕ್ಟ್ರಾನಿಕ್ ವಸ್ತುಗಳ ಪ್ರದರ್ಶನ ಮಳಿಗೆಯಾಯಿತು; ಅದೇ ವರ್ಷದ ಕೊನೆಯ ದಿನ ರೆಕ್ಸ್ ತನ್ನ ಕಡೆಯ ಆಟ ತೋರಿಸಿ ಬಾಗಿಲು ಮುಚ್ಚಿತು. ಹಳೆಯ ಚಿತ್ರಗಳನ್ನು ಇಂದು ಮನೆಯಲ್ಲೇ ನೋಡಬೇಕು. ಯಾವುದನ್ನು ಮೊದಲು ನೋಡಬೇಕೆಂದು ತಿಳಿಯಬಯಸುವ ಓದುಗರಿಗಾಗಿ ಈ ಶ್ರೇಯಾಂಕ.

ಅಳತೆಗೋಲು ಯಾವುದು?

ವಿವಿಯನ್ ಲೀ ನಟಿಸಿದ ಕಥಾಚಿತ್ರಗಳು ಒಟ್ಟು 19. ಸುಮಾರು 30 ವರ್ಷಗಳ ವೃತ್ತಿಜೀವನಕ್ಕೆ ಇದು ಚಿಕ್ಕ ಸಂಖ್ಯೆ. ಅದಕ್ಕೆ ಎರಡು ಕಾರಣಗಳಿವೆ. ಆಕೆ ತನ್ನನ್ನು ಮೊದಲಿಗೆ ರಂಗನಟಿಯೆಂದೇ ಭಾವಿಸಿದ್ದರು. ಜೊತೆಗೆ ಕ್ಷಯ ಮತ್ತು ಇಂದು ಬೈಪೋಲಾರ್ ಎಂದು ವೈದ್ಯರು ಕರೆಯುವ ಮನೋವ್ಯಾಧಿ ಆಕೆಯನ್ನು ಪದೇ ಪದೇ ಕಾಡಿದವು.

ಲೀ ಅವರ ಬಗ್ಗೆ ಬರೆಯುವವರಲ್ಲಿ ಎರಡು ಅಭ್ಯಾಸಗಳುಂಟು. ಎಳೆಯ ವಯಸ್ಸಿನ ಚಿತ್ರಗಳನ್ನು ಹೊಗಳುವಾಗ ಆಕೆಯ ರೂಪವನ್ನು ಹೊಗಳುತ್ತಾರೆ. ಪ್ರೌಢ ವಯಸ್ಸಿನ ಚಿತ್ರಗಳನ್ನು ಹೊಗಳುವಾಗ ಆಕೆಯ ರೋಗವೇ ತೆರೆಯ ಮೇಲೆ ಬಂದಿತೆನ್ನುತ್ತಾರೆ. ಮೊದಲನೆಯದರಲ್ಲಿ ಕೀರ್ತಿ ದೇವರಿಗೆ ಸಲ್ಲುತ್ತದೆ, ಎರಡನೆಯದರಲ್ಲಿ ವ್ಯಾಧಿಗೆ ಸಲ್ಲುತ್ತದೆ. ದುಡಿದ ನಟಿಗೆ ಏನೂ ಉಳಿಯುವುದಿಲ್ಲ. ಈ ಪಟ್ಟಿಯಲ್ಲಿ ಎರಡನ್ನೂ ಬದಿಗಿಟ್ಟು, ಪಾತ್ರ ಎಷ್ಟು ಕಠಿಣವಾಗಿತ್ತು, ಅದಕ್ಕೆ ಲೀ ಏನು ತಂದುಕೊಟ್ಟರು, ಚಿತ್ರ ಇಂದಿಗೂ ನಿಲ್ಲುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನಷ್ಟೇ ಕೇಳಲಾಗಿದೆ. ಹತ್ತರಿಂದ ಒಂದಕ್ಕೆ ಬರೋಣ.

10. ಫೈರ್ ಓವರ್ ಇಂಗ್ಲೆಂಡ್ (1937)

ಸ್ಪೇನಿನ ನೌಕಾಪಡೆ ಇಂಗ್ಲೆಂಡಿನ ಮೇಲೆ ಏರಿಬಂದ ಕಾಲದ ಕಥೆ. ಅಲೆಕ್ಸಾಂಡರ್ ಕೋರ್ಡಾ ಅವರ ಲಂಡನ್ ಫಿಲ್ಮ್ಸ್ ಸಂಸ್ಥೆಗಾಗಿ ವಿಲಿಯಂ ಕೆ. ಹೊವರ್ಡ್ ನಿರ್ದೇಶಿಸಿದ ಚಿತ್ರವಿದು. ರಾಣಿ ಎಲಿಜಬೆತ್ ಆಗಿ ಫ್ಲೋರಾ ರಾಬ್ಸನ್, ರಾಣಿಯ ಸಖಿ ಸಿಂಥಿಯಾ ಆಗಿ ಲೀ. ಪಾತ್ರ ದೊಡ್ಡದಲ್ಲ, ಪ್ರೀತಿಸಿ ಕಾಯುವುದಷ್ಟೇ ಆ ಹುಡುಗಿಯ ಕೆಲಸ. ಆದರೂ ಚಿತ್ರ ಎರಡು ಕಾರಣಗಳಿಂದ ಮುಖ್ಯ. ಲೀ ಮತ್ತು ಲಾರೆನ್ಸ್ ಒಲಿವಿಯರ್ ಜೊತೆಯಾಗಿ ನಟಿಸಿದ ಮೊದಲ ಚಿತ್ರ ಇದು. ಮುಂದೆ 1940ರಲ್ಲಿ ಅವರು ವಿವಾಹವಾದರು. ಎರಡನೆಯದಾಗಿ, ಸ್ಕಾರ್ಲೆಟ್ ಪಾತ್ರಕ್ಕೆ ನಟಿಯನ್ನು ಹುಡುಕುತ್ತಿದ್ದ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ 1938ರಲ್ಲಿ ಲೀ ಅವರನ್ನು ತೆರೆಯ ಮೇಲೆ ಗಮನಿಸಿದ್ದು ಈ ಚಿತ್ರದಲ್ಲಿ.

9. ಅನ್ನಾ ಕರೆನಿನಾ (1948)

ಟಾಲ್‌ಸ್ಟಾಯ್ ಕಾದಂಬರಿ, ಜೂಲಿಯನ್ ದುವಿವಿಯೇ ನಿರ್ದೇಶನ, ಸೆಸಿಲ್ ಬೀಟನ್ ಅವರ ವಸ್ತ್ರವಿನ್ಯಾಸ. ಇಷ್ಟೆಲ್ಲ ಇದ್ದೂ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ವ್ರೊನ್‌ಸ್ಕಿಯಾಗಿ ನಟಿಸಿದ ಕೀರನ್ ಮೂರ್ ಅವರಿಗೂ ಲೀ ಅವರಿಗೂ ನಡುವೆ ಕಾವು ಹುಟ್ಟಲೇ ಇಲ್ಲ. 1935ರಲ್ಲಿ ಇದೇ ಪಾತ್ರ ಮಾಡಿದ್ದ ಗ್ರೆಟಾ ಗಾರ್ಬೊ ಅವರ ನೆನಪೂ ಪ್ರೇಕ್ಷಕರಲ್ಲಿ ಹಸಿಯಾಗಿತ್ತು. ಆದರೆ ಗಂಡ ಕರೆನಿನ್ ಆಗಿ ರಾಲ್ಫ್ ರಿಚರ್ಡ್‌ಸನ್ ಎದುರು ನಿಂತಾಗಲೆಲ್ಲ ಲೀ ಅವರ ಅಭಿನಯ ಎಚ್ಚೆತ್ತುಕೊಳ್ಳುತ್ತದೆ. ಕಡೆಯಲ್ಲಿ ರೈಲು ನಿಲ್ದಾಣದಲ್ಲಿ ಒಂಟಿಯಾಗಿ ನಿಂತ ಅನ್ನಾ ಏನನ್ನೂ ನೋಡದ ಕಣ್ಣುಗಳಿಂದ ನೋಡುವ ರೀತಿಯೇ ಚಿತ್ರವನ್ನು ಈ ಪಟ್ಟಿಗೆ ತಂದಿದೆ.

8. ಸೀಸರ್ ಅಂಡ್ ಕ್ಲಿಯೋಪಾತ್ರ (1945)

ಬರ್ನಾರ್ಡ್ ಶಾ ನಾಟಕವನ್ನು ಗೇಬ್ರಿಯಲ್ ಪಾಸ್ಕಲ್ ಯುದ್ಧದ ನಡುವೆಯೇ ತೆರೆಗೆ ತಂದರು. ಅಂದಿನವರೆಗಿನ ಅತಿ ದುಬಾರಿ ಬ್ರಿಟಿಷ್ ಚಿತ್ರವೆಂದು ಹೆಸರಾದ ಇದು ಹಾಕಿದ ಹಣವನ್ನು ಹಿಂದಿರುಗಿಸಲಿಲ್ಲ. ಸೀಸರ್ ಆಗಿ ಕ್ಲಾಡ್ ರೇನ್ಸ್. ಸ್ಫಿಂಕ್ಸ್ ಪ್ರತಿಮೆಯ ಬಳಿ ಅಡಗಿ ಕುಳಿತ ಹದಿನಾರರ ಹೆದರುಪುಕ್ಕಲು ಹುಡುಗಿ, ಕೊನೆಗೆ ಶತ್ರುವನ್ನು ಕೊಲ್ಲಿಸಲು ಹಿಂಜರಿಯದ ರಾಣಿಯಾಗುವುದು ಕಥೆ. ಮೂವತ್ತು ದಾಟಿದ್ದ ಲೀ ಹದಿನಾರರ ಹುಡುಗಿಯಾಗಿ ನಂಬಿಸುವುದು ಮೈಯ ಚಲನೆಯಿಂದ. ಓಟ ನಡಿಗೆಯಾಗುತ್ತದೆ, ನಡಿಗೆ ನಿಲುವಾಗುತ್ತದೆ. ಚಿತ್ರೀಕರಣದ ಸಮಯದಲ್ಲಿ ಬಿದ್ದು ಗರ್ಭಪಾತವಾದ ನೋವನ್ನು ಲೀ ಅನುಭವಿಸಬೇಕಾಯಿತು. ತೆರೆಯ ಮೇಲೆ ಅದರ ಸುಳಿವಿಲ್ಲ.

7. ಸೇಂಟ್ ಮಾರ್ಟಿನ್ಸ್ ಲೇನ್ (1938)

ಅಮೆರಿಕದಲ್ಲಿ 'ಸೈಡ್‌ವಾಕ್ಸ್ ಆಫ್ ಲಂಡನ್' ಎಂಬ ಹೆಸರಿನಿಂದ ತೆರೆಕಂಡ ಈ ಚಿತ್ರ ಹೆಚ್ಚಿನವರಿಗೆ ಅಪರಿಚಿತ. ನಾಟಕಶಾಲೆಗಳ ಮುಂದೆ ಸಾಲುಗಟ್ಟಿ ನಿಂತವರಿಗೆ ಹಾಡಿ, ಪದ್ಯ ಹೇಳಿ, ಚಿಲ್ಲರೆ ಕಾಸು ಗಳಿಸುವ ಬೀದಿ ಕಲಾವಿದನಾಗಿ ಚಾರ್ಲ್ಸ್ ಲಾಟನ್ ನಟಿಸಿದ್ದಾರೆ. ಅವನ ಆಶ್ರಯ ಪಡೆದು, ಕುಣಿತ ಕಲಿತು, ದೊಡ್ಡ ರಂಗಮಂದಿರದ ತಾರೆಯಾಗಿ ಅವನನ್ನೇ ದಾಟಿಹೋಗುವ ಜೇಬುಗಳ್ಳಿ ಲಿಬ್ಬಿಯಾಗಿ ಲೀ. ಪ್ರೇಕ್ಷಕರ ಮೆಚ್ಚುಗೆಗಾಗಿ ಈ ಹುಡುಗಿಯನ್ನು ಒಳ್ಳೆಯವಳನ್ನಾಗಿ ಮಾಡುವ ಗೋಜಿಗೆ ಲೀ ಹೋಗುವುದಿಲ್ಲ. ಅವಳ ಸ್ವಾರ್ಥ, ಹಟ, ಹಸಿವು ಎಲ್ಲವನ್ನೂ ಹಾಗೆಯೇ ತೋರಿಸುತ್ತಾರೆ. ಒಂದು ವರ್ಷದ ನಂತರ ಜಗತ್ತು ಕಾಣಲಿದ್ದ ಸ್ಕಾರ್ಲೆಟ್‌ಳ ಬೀಜ ಇಲ್ಲಿದೆ.

6. ದ ರೋಮನ್ ಸ್ಪ್ರಿಂಗ್ ಆಫ್ ಮಿಸೆಸ್ ಸ್ಟೋನ್ (1961)

ಟೆನೆಸ್ಸಿ ವಿಲಿಯಮ್ಸ್ ಅವರ ಕಿರುಕಾದಂಬರಿಯನ್ನು ಹೊಸೆ ಕಿಂಟೆರೊ ನಿರ್ದೇಶಿಸಿದರು. ವಯಸ್ಸಾಯಿತೆಂದು ರಂಗಭೂಮಿ ತೊರೆದ ನಟಿ ಕ್ಯಾರೆನ್ ಸ್ಟೋನ್, ಗಂಡ ವಿಮಾನದಲ್ಲೇ ಮೃತನಾದ ಮೇಲೆ ರೋಮ್ ನಗರದಲ್ಲಿ ಉಳಿಯುತ್ತಾಳೆ. ಹಣಕ್ಕಾಗಿ ಪ್ರೀತಿ ನಟಿಸುವ ಯುವಕನಾಗಿ ವಾರನ್ ಬೀಟಿ, ಅವನನ್ನು ಒದಗಿಸುವ ದಲ್ಲಾಳಿಯಾಗಿ ಲೊಟ್ಟೆ ಲೆನ್ಯಾ. ಕ್ಯಾರೆನ್‌ಗೆ ತಾನು ಮೋಸಹೋಗುತ್ತಿರುವುದು ಗೊತ್ತು. ಗೊತ್ತಿಲ್ಲದಂತೆ ಇರಲು ಅವಳು ನಿರ್ಧರಿಸಿದ್ದಾಳೆ. ಈ ಎರಡನ್ನೂ ಒಂದೇ ಮುಖದಲ್ಲಿ ತೋರಿಸುವುದು ಸುಲಭವಲ್ಲ. ಬಹುದಿನಗಳಿಂದ ಬೀದಿಯಲ್ಲಿ ತನ್ನನ್ನು ಹಿಂಬಾಲಿಸುತ್ತಿದ್ದ ಅಪರಿಚಿತನಿಗೆ ಆಕೆ ಮೇಲಂತಸ್ತಿನಿಂದ ಮನೆಯ ಬೀಗದ ಕೈ ಎಸೆಯುವ ಅಂತ್ಯ ನೋಡುಗರ ನಿದ್ದೆ ಕೆಡಿಸುತ್ತದೆ.

5. ಶಿಪ್ ಆಫ್ ಫೂಲ್ಸ್ (1965)

ಲೀ ಅವರ ಕೊನೆಯ ಚಿತ್ರ. 1933ರಲ್ಲಿ ಮೆಕ್ಸಿಕೊದಿಂದ ಜರ್ಮನಿಗೆ ಹೊರಟ ಹಡಗು. ಅದರೊಳಗೆ ಹಿಟ್ಲರನ ಕಾಲಕ್ಕೆ ಕಣ್ಣುಮುಚ್ಚಿಕೊಂಡ ಒಂದು ಪುಟ್ಟ ಜಗತ್ತು. ಕ್ಯಾಥರಿನ್ ಆನ್ ಪೋರ್ಟರ್ ಅವರ ಕಾದಂಬರಿಯನ್ನು ನಿರ್ದೇಶಿಸಿದವರು ಸ್ಟ್ಯಾನ್ಲಿ ಕ್ರೇಮರ್. ಗಂಡನಿಂದ ದೂರವಾದ, ಮಾತಿನಲ್ಲಿ ಮುಳ್ಳಿರುವ ಮೇರಿ ಟ್ರೆಡ್ವೆಲ್ ಆಗಿ ಲೀ ಕಾಣಿಸಿಕೊಳ್ಳುವುದು ಕೆಲವೇ ದೃಶ್ಯಗಳಲ್ಲಿ. ಎರಡಂತೂ ಮರೆಯುವಂತಿಲ್ಲ. ಹಡಗಿನ ಓಣಿಯಲ್ಲಿ ಯಾರೂ ಇಲ್ಲದಾಗ ಇದ್ದಕ್ಕಿದ್ದಂತೆ ತನ್ನ ಯೌವನದ ಚಾರ್ಲ್‌ಸ್ಟನ್ ನೃತ್ಯವನ್ನು ನಾಲ್ಕು ಹೆಜ್ಜೆ ಕುಣಿದು, ಏನೂ ಆಗದವಳಂತೆ ಮುಂದೆ ನಡೆಯುವುದು ಒಂದು. ಕುಡಿದು ಕೋಣೆಗೆ ನುಗ್ಗಿದ ಲೀ ಮಾರ್ವಿನ್‌ನನ್ನು ಪಾದರಕ್ಷೆಯಿಂದ ಬಾರಿಸುವುದು ಇನ್ನೊಂದು. ರೋಗ ಉಲ್ಬಣಿಸಿದ್ದ ದಿನಗಳಲ್ಲಿ ನಟಿಸಿದ ಪಾತ್ರವಿದು ಎಂಬುದು ದಾಖಲಾಗಿದೆ. ಆದರೆ ಆ ನಾಲ್ಕು ಹೆಜ್ಜೆಗಳ ಹಿಂದಿನ ಹಾಸ್ಯಪ್ರಜ್ಞೆ ರೋಗದ ಕೊಡುಗೆಯಲ್ಲ.

4. ದಟ್ ಹ್ಯಾಮಿಲ್ಟನ್ ವುಮನ್ (1941)

ಈ ಚಿತ್ರಕ್ಕೆ ದಂಡಿನ ಇನ್ನೊಬ್ಬ ನಿವಾಸಿಯ ಮೂಲಕ ಬೆಂಗಳೂರಿನ ನಂಟುಂಟು. 1896ರಲ್ಲಿ ಕಿರಿಯ ಸೇನಾಧಿಕಾರಿಯಾಗಿ ಇಲ್ಲಿಗೆ ಬಂದು, 13 ರೂಪಾಯಿ ಬಾಕಿಯನ್ನು ಇಂದಿನ ಬೆಂಗಳೂರು ಕ್ಲಬ್ಬಿನ ದಫ್ತರದಲ್ಲಿ ಉಳಿಸಿಹೋದ ವಿನ್‌ಸ್ಟನ್ ಚರ್ಚಿಲ್ ಅವರ ಅತ್ಯಂತ ಮೆಚ್ಚಿನ ಚಿತ್ರವಿದು. ಬ್ರಿಟನ್ ಪ್ರಧಾನಿಯಾಗಿ 1941ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ಭೇಟಿಯಾಗಲು ಅಟ್ಲಾಂಟಿಕ್ ಸಾಗರ ದಾಟುತ್ತಿದ್ದಾಗ ಯುದ್ಧನೌಕೆಯಲ್ಲೂ ಅವರು ಇದನ್ನು ಮತ್ತೊಮ್ಮೆ ನೋಡಿದರು.

ನೌಕಾಧಿಪತಿ ನೆಲ್ಸನ್ ಮತ್ತು ರಾಯಭಾರಿಯ ಪತ್ನಿ ಎಮ್ಮಾ ಹ್ಯಾಮಿಲ್ಟನ್ ಅವರ ಪ್ರೇಮಕಥೆಯನ್ನು ಕೋರ್ಡಾ ಹಾಲಿವುಡ್‌ನಲ್ಲಿ ಸುಮಾರು ಆರು ವಾರಗಳಲ್ಲಿ ಚಿತ್ರೀಕರಿಸಿದರು. ನೆಪೋಲಿಯನ್ ವಿರುದ್ಧದ ಮಾತುಗಳೆಲ್ಲ ಹಿಟ್ಲರನನ್ನು ಕುರಿತವೆಂದು ಪ್ರೇಕ್ಷಕರಿಗೆ ತಿಳಿದಿತ್ತು. ಆದರೆ ಪ್ರಚಾರದ ಸಂದೇಶ ಹಳೆಯದಾದ ಮೇಲೂ ಚಿತ್ರ ಉಳಿದಿರುವುದು ಲೀ ಅವರಿಂದ. ಮದ್ಯದ ಬಾಟಲಿ ಕದ್ದು ಸೆರೆಮನೆ ಸೇರಿದ ಮುದುಕಿ ಎಮ್ಮಾ ತನ್ನ ಕಥೆ ಹೇಳುವುದರಿಂದ ಚಿತ್ರ ಶುರುವಾಗುತ್ತದೆ. 27ರ ಹರೆಯದ ನಟಿ ಆ ಮುದುಕಿಯ ಒರಟು ದನಿಯನ್ನೂ, ನೇಪಲ್ಸ್ ನಗರದ ಅರಮನೆಗೆ ಬಂದಿಳಿದ ಹುಡುಗಿಯ ಗಿಲಿಗಿಲಿ ನಗೆಯನ್ನೂ ಒಬ್ಬಳೇ ಹೆಣ್ಣಿನದೆಂದು ನಂಬಿಸುತ್ತಾರೆ.

3. ವಾಟರ್‌ಲೂ ಬ್ರಿಜ್ (1940)

ಜಗತ್ಪ್ರಸಿದ್ಧಿ ಪಡೆದ ಮರುವರ್ಷವೇ ಮರ್ವಿನ್ ಲೆರಾಯ್ ನಿರ್ದೇಶನದಲ್ಲಿ ಲೀ ನಟಿಸಿದ ಚಿತ್ರ. ತನ್ನ ಚಿತ್ರಗಳಲ್ಲಿ ಆಕೆಗೆ ಅಚ್ಚುಮೆಚ್ಚಾಗಿದ್ದುದು ಇದೇ. ಮೊದಲನೆಯ ಮಹಾಯುದ್ಧದ ಲಂಡನ್. ಬ್ಯಾಲೆ ನರ್ತಕಿ ಮೈರಾ, ಸೇನಾಧಿಕಾರಿ ರಾಯ್ ಆಗಿ ರಾಬರ್ಟ್ ಟೇಲರ್. ರಾಯ್ ಯುದ್ಧದಲ್ಲಿ ಮಡಿದನೆಂಬ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಕೆಲಸ ಕಳೆದುಕೊಂಡ ಮೈರಾ ಹೊಟ್ಟೆಪಾಡಿಗೆ ಬೀದಿಗಿಳಿಯುತ್ತಾಳೆ. ರಾಯ್ ಜೀವಂತವಾಗಿ ಹಿಂದಿರುಗುತ್ತಾನೆ.

ಎರಡು ದೃಶ್ಯಗಳನ್ನು ಅಭಿನಯ ಕಲಿಯುವವರು ತಪ್ಪದೇ ನೋಡಬೇಕು. ಮೊದಲನೆಯದು ಚಹಾ ಮಂದಿರದ್ದು. ಮಗನ ಸಾವಿನ ಸುದ್ದಿ ತಿಳಿಯದ ರಾಯ್‌ನ ತಾಯಿ ಎದುರು ಬಂದು ಕುಳಿತಿದ್ದಾಳೆ. ಆಗಷ್ಟೇ ಸುದ್ದಿ ಓದಿದ ಮೈರಾ ಅದನ್ನು ಹೇಳಲಾರದೆ ಅಸಂಬದ್ಧವಾಗಿ ಮಾತಾಡುತ್ತಾಳೆ. ಎರಡನೆಯದು ರೈಲು ನಿಲ್ದಾಣದ್ದು. ಗಿರಾಕಿಗಾಗಿ ಸೈನಿಕರ ಗುಂಪನ್ನು ತುಟಿಯಂಚಿನ ನಗೆಯಿಂದ ನೋಡುತ್ತಿರುವ ಮೈರಾಳಿಗೆ ಆ ಗುಂಪಿನಲ್ಲೇ ರಾಯ್ ಕಾಣುತ್ತಾನೆ. ಆ ಒಂದು ಕ್ಷಣದಲ್ಲಿ ಮುಖದ ಮೇಲೆ ಹಾದುಹೋಗುವ ಭಾವಗಳನ್ನು ಎಣಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ತಪ್ಪು ಯುದ್ಧದ್ದು, ಬಡತನದ್ದು. ಶಿಕ್ಷೆ ಮಾತ್ರ ಹೆಣ್ಣಿಗೆ. ಅಂದಿನ ಹಾಲಿವುಡ್ ನೀತಿಸಂಹಿತೆ ಅದನ್ನೇ ಬಯಸಿತ್ತು. ಲೀ ಅವರ ಮುಖ ಮಾತ್ರ ಆ ತೀರ್ಪನ್ನು ಕಡೆಯವರೆಗೂ ಒಪ್ಪುವುದಿಲ್ಲ.

2. ಗಾನ್ ವಿತ್ ದ ವಿಂಡ್ (1939)

ಇದನ್ನು ಮೊದಲ ಸ್ಥಾನದಲ್ಲಿ ಇಡದಿರುವುದಕ್ಕೆ ಹಲವರು ಆಕ್ಷೇಪಿಸಬಹುದು. ಲೀ ಅವರ ದುಡಿಮೆಯ ದೃಷ್ಟಿಯಿಂದ ಇದಕ್ಕೆ ಸಾಟಿಯಿಲ್ಲ. ಸುಮಾರು 1,400 ಮಂದಿಯನ್ನು ನೋಡಿದ ಮೇಲೆ ಸೆಲ್ಜ್‌ನಿಕ್ ಈ ಪಾತ್ರಕ್ಕೆ ಆರಿಸಿದ್ದು ಅಮೆರಿಕದಲ್ಲಿ ಯಾರಿಗೂ ಗೊತ್ತಿಲ್ಲದ ಇಂಗ್ಲಿಷ್ ನಟಿಯನ್ನು. ನಿರ್ದೇಶಕ ಜಾರ್ಜ್ ಕ್ಯೂಕರ್ ಅವರನ್ನು ನಡುವೆಯೇ ಕೈಬಿಟ್ಟು ವಿಕ್ಟರ್ ಫ್ಲೆಮಿಂಗ್ ಅವರನ್ನು ತರಲಾಯಿತು. ಲೀ ಸುಮಾರು 125 ದಿನ ದುಡಿದು 25 ಸಾವಿರ ಡಾಲರ್‌ಗಳಷ್ಟು ಪಡೆದರೆ, ಕ್ಲಾರ್ಕ್ ಗೇಬಲ್ 71 ದಿನಗಳಿಗೆ 1 ಲಕ್ಷ 20 ಸಾವಿರ ಡಾಲರ್‌ಗೂ ಹೆಚ್ಚು ಪಡೆದರು. ಚಿತ್ರ ಸ್ಪರ್ಧಾ ವಿಭಾಗದಲ್ಲಿ ಎಂಟು ಆಸ್ಕರ್ ಗೆದ್ದಿತು. ಅವುಗಳಲ್ಲಿ ಒಂದು ಲೀ ಅವರದು.

ಹೆಚ್ಚುಕಡಿಮೆ ನಾಲ್ಕು ಗಂಟೆಗಳ ಚಿತ್ರವನ್ನು ಆಕೆ ಹೆಗಲ ಮೇಲೆ ಹೊತ್ತು ನಡೆಯುತ್ತಾರೆ. ಹಸಿರು ಮಖಮಲ್ಲಿನ ಪರದೆಯನ್ನೇ ಉಡುಪಾಗಿ ಹೊಲಿಸಿಕೊಂಡು, ಸಾಲ ಕೇಳಲು ಸೆರೆಮನೆಗೆ ಬರುವ ದೃಶ್ಯ ನೆನಪಿಸಿಕೊಳ್ಳಿ. ಮಾತು, ನಗೆ, ಕುಡಿನೋಟ ಎಲ್ಲವೂ ಸಿರಿವಂತೆಯದು. ಗೇಬಲ್ ಅಂಗೈ ಹಿಡಿದು ನೋಡಿದರೆ ಹೊಲದ ದುಡಿಮೆಯಿಂದ ಒರಟಾದ ಚರ್ಮ. ಕ್ಷಣಾರ್ಧದಲ್ಲಿ ಆ ಸಿರಿವಂತೆ ಮಾಯವಾಗಿ ಮೂಲೆಗೆ ಸಿಕ್ಕಿಬಿದ್ದ ರೈತಳೊಬ್ಬಳು ಎದುರು ನಿಲ್ಲುತ್ತಾಳೆ.

ಆದರೆ ಮೂರನೆಯ ಪ್ರಶ್ನೆಯಲ್ಲಿ, ಅಂದರೆ ಚಿತ್ರ ಇಂದಿಗೂ ನಿಲ್ಲುತ್ತದೆಯೇ ಎಂಬಲ್ಲಿ, ಇದು ಎಡವುತ್ತದೆ. ಕರಿಯರನ್ನು ಕೊಂಡು ಮಾರುತ್ತಿದ್ದ ವ್ಯವಸ್ಥೆಯನ್ನು ಒಡೆಯರ ಜಗಲಿಯಿಂದ ನೋಡಿ, ಗುಲಾಮರು ಸುಖಿಗಳಾಗಿದ್ದರೆಂಬ ಭ್ರಮೆ ಹುಟ್ಟಿಸುವ ಚಿತ್ರವಿದು. ಮ್ಯಾಮಿ ಪಾತ್ರಕ್ಕಾಗಿ ಪೋಷಕ ನಟಿ ಆಸ್ಕರ್ ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಕಪ್ಪು ಕಲಾವಿದೆಯಾದ ಹ್ಯಾಟಿ ಮೆಕ್‌ಡೇನಿಯಲ್ 1939ರ ಡಿಸೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ನಡೆದ ಪ್ರಥಮ ಪ್ರದರ್ಶನಕ್ಕೆ ಹೋಗುವಂತಿರಲಿಲ್ಲ. ಪ್ರಶಸ್ತಿ ಸಮಾರಂಭದಲ್ಲೂ ಆಕೆಗೆ ಗೋಡೆ ಬದಿಯ ಬೇರೆ ಮೇಜು. 2020ರಲ್ಲಿ ಅಮೆರಿಕದ ಅಂತರ್ಜಾಲ ವಾಹಿನಿಯೊಂದು ಚಿತ್ರವನ್ನು ಕೆಲಕಾಲ ಹಿಂತೆಗೆದು, ಇತಿಹಾಸ ವಿವರಿಸುವ ಪೀಠಿಕೆಯೊಂದಿಗೆ ಮರಳಿ ಒದಗಿಸಿತು. ಬಂಗಲೆಯನ್ನೂ ಅದಕ್ಕೆ ಆಳುಗಳನ್ನು ಒದಗಿಸಿದ ಕೇರಿಯನ್ನೂ ಒಂದೇ ಊರಿನಲ್ಲಿ ಕಂಡ ದಂಡಿನ ಜನರಿಗೆ ಜಗಲಿಯ ಮೇಲಿನ ನೋಟ ಪೂರ್ತಿ ನೋಟವಲ್ಲವೆಂದು ಬಿಡಿಸಿ ಹೇಳಬೇಕಿಲ್ಲ. ನಟಿಗೆ ಪೂರ್ಣ ಅಂಕ ಕೊಟ್ಟರೂ ಚಿತ್ರಕ್ಕೆ ಕೊಡಲಾಗದು.

1. ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್ (1951)

ಮನೆ, ಮಾನ, ನೌಕರಿ ಎಲ್ಲವನ್ನೂ ಕಳೆದುಕೊಂಡು ನ್ಯೂ ಆರ್ಲಿಯನ್ಸ್ ನಗರದ ಬಡ ಬಡಾವಣೆಯಲ್ಲಿರುವ ತಂಗಿಯ ಮನೆಗೆ ಬರುವ ಬ್ಲಾಂಚ್ ದುಬ್ವಾ. ಆಕೆಯನ್ನು ಮೊದಲ ದಿನದಿಂದಲೇ ಸಹಿಸದ ತಂಗಿಯ ಗಂಡ ಸ್ಟ್ಯಾನ್ಲಿಯಾಗಿ ಮರ್ಲಾನ್ ಬ್ರ್ಯಾಂಡೊ. ಟೆನೆಸ್ಸಿ ವಿಲಿಯಮ್ಸ್ ಅವರ ನಾಟಕವನ್ನು ಎಲಿಯಾ ಕಜಾನ್ ಚಿತ್ರವಾಗಿಸಿದರು. ಕಥೆ ಮುಂದುವರಿದಂತೆ ಮನೆಯ ಗೋಡೆಗಳು ಒತ್ತರಿಸಿ ಬರುವಂತೆ ಸೆಟ್ಟನ್ನು ಚಿಕ್ಕದಾಗಿಸುತ್ತ ಹೋದದ್ದು ಪ್ರಸಿದ್ಧ. ಲೀ, ಕಿಮ್ ಹಂಟರ್, ಕಾರ್ಲ್ ಮಾಲ್ಡನ್ ಮೂವರಿಗೂ ಆಸ್ಕರ್ ದೊರೆಯಿತು. ನಾಮಕರಣಗೊಂಡ ನಾಲ್ವರು ಕಲಾವಿದರಲ್ಲಿ ಬರಿಗೈಯಲ್ಲಿ ಹಿಂದಿರುಗಿದವರು ಬ್ರ್ಯಾಂಡೊ ಒಬ್ಬರೇ.

ಈ ಪಾತ್ರವನ್ನು ಕುರಿತೇ ರೋಗದ ಮಾತು ಹೆಚ್ಚು ಕೇಳಿಬರುತ್ತದೆ. ಮಾನಸಿಕವಾಗಿ ಕುಸಿದ ಹೆಣ್ಣಿನ ಪಾತ್ರವನ್ನು ಮಾನಸಿಕ ವ್ಯಾಧಿಯಿದ್ದ ನಟಿ ಮಾಡಿದ್ದರಿಂದ ಅಭಿನಯದ ಅಗತ್ಯವೇ ಬೀಳಲಿಲ್ಲವೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ವಾಸ್ತವ ಬೇರೆ. ಚಿತ್ರಕ್ಕೆ ಮುನ್ನ, 1949ರ ಅಕ್ಟೋಬರ್‌ನಿಂದ ಲಂಡನ್ನಿನ ಆಲ್ಡ್‌ವಿಚ್ ನಾಟಕಶಾಲೆಯಲ್ಲಿ ಲೀ ಇದೇ ಪಾತ್ರವನ್ನು 326 ಬಾರಿ ಅಭಿನಯಿಸಿದ್ದರು. ಅಲ್ಲಿ ನಿರ್ದೇಶಕ ಒಲಿವಿಯರ್, ಚಿತ್ರದಲ್ಲಿ ಕಜಾನ್. ರೂಢಿಯಾದ ರೀತಿಯನ್ನು ಬಿಟ್ಟು ಹೊಸದಾಗಿ ಕಟ್ಟಬೇಕೆಂದು ಕಜಾನ್ ಒತ್ತಾಯಿಸಿದರು. ಮೊದಮೊದಲು ಇಬ್ಬರಿಗೂ ಸರಿಹೋಗಲಿಲ್ಲ. ಕೊನೆಗೆ ಆಕೆಯ ಪಟ್ಟುಹಿಡಿದ ದುಡಿಮೆಯನ್ನು ಕಜಾನ್ ಮನಸಾರೆ ಮೆಚ್ಚಿಕೊಂಡರು. 326 ರಾತ್ರಿ ಒಂದೇ ಪಾತ್ರವನ್ನು ಅದೇ ಬಿಗಿಯಿಂದ ಮಾಡಿ, ಅದನ್ನು ಬಿಚ್ಚಿ ಮತ್ತೆ ಹೊಲಿಯುವುದು ರೋಗ ಮಾಡಬಲ್ಲ ಕೆಲಸವಲ್ಲ.

ಬಲ್ಬಿಗೆ ಕಾಗದದ ಲಾಂದ್ರ ಹೊದಿಸಿ ಮಬ್ಬು ಬೆಳಕಿನಲ್ಲಿ ತನ್ನ ವಯಸ್ಸನ್ನು ಬಚ್ಚಿಟ್ಟುಕೊಳ್ಳುವ ಬ್ಲಾಂಚ್‌ಳನ್ನು, ಮದುವೆಯಾಗುವ ಆಸೆ ಹುಟ್ಟಿಸಿದ್ದ ಮಿಚ್ ಬೆಳಕಿಗೆ ಎಳೆದು ನಿಲ್ಲಿಸುತ್ತಾನೆ. ಅದುವರೆಗೆ ಪಿಸುಗುಡುತ್ತಿದ್ದ ದನಿ ಅಲ್ಲಿ ತಗ್ಗಿ, ಒಡೆದು, ನಿಜ ಹೇಳತೊಡಗುತ್ತದೆ. ಸುಳ್ಳು ಹೇಳುವಾಗ ಕನಿಕರ ಹುಟ್ಟಿಸುವ ಆಕೆ ನಿಜ ಹೇಳುವಾಗ ಗೌರವ ಹುಟ್ಟಿಸುತ್ತಾಳೆ. ಸೆನ್ಸಾರಿನ ಒತ್ತಡಕ್ಕೆ ಕತ್ತರಿಸಿದ್ದ ಕೆಲವು ಭಾಗಗಳನ್ನು 1993ರಲ್ಲಿ ಮರಳಿ ಸೇರಿಸಲಾಗಿದೆ. ಆ ಪ್ರತಿಯನ್ನೇ ನೋಡುವುದು ಒಳ್ಳೆಯದು.

ಕನ್ನಡ ಪ್ರೇಕ್ಷಕರಿಗೆ ಬ್ಲಾಂಚ್ ಅಪರಿಚಿತಳಲ್ಲ. ತ್ರಿವೇಣಿ ಅವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ತೆರೆಗೆ ತಂದ 'ಶರಪಂಜರ'ದ ಕಾವೇರಿಯನ್ನು ನೆನೆದರೆ ಸಾಕು. ಅಲ್ಲಿಯೂ ಹೆಣ್ಣಿನ ಕಾಯಿಲೆಗಿಂತ ಸುತ್ತಲಿನವರ ನಡೆಯೇ ಆಕೆಯನ್ನು ಮತ್ತೆ ಆಸ್ಪತ್ರೆಯ ಬಾಗಿಲಿಗೆ ತಳ್ಳುತ್ತದೆ. ಕಲ್ಪನಾ ಅವರ ಬದುಕು 1979ರಲ್ಲಿ ದುರಂತದಲ್ಲಿ ಮುಗಿದ ಮೇಲೆ ನಮ್ಮಲ್ಲೂ ಪಾತ್ರವನ್ನೂ ನಟಿಯನ್ನೂ ಒಂದಾಗಿ ಬೆಸೆದು ಮಾತಾಡಿದವರುಂಟು. ಎರಡೂ ಕಡೆ ನಡೆದ ಅನ್ಯಾಯ ಒಂದೇ. ನೋವುಂಡವರೆಲ್ಲ ಕಲಾವಿದರಾಗುವುದಿಲ್ಲ. ನೋವಿನ ನಡುವೆಯೂ ಕಸುಬನ್ನು ಕೈಬಿಡದವರು ಕಲಾವಿದರಾಗುತ್ತಾರೆ.

ಪಟ್ಟಿಯ ಹೊರಗೆ ಉಳಿದವು

ಕಾನ್ರಾಡ್ ವೈಟ್ ಜೊತೆಗಿನ ಗೂಢಚಾರಿಕೆಯ ಚಿತ್ರ 'ಡಾರ್ಕ್ ಜರ್ನಿ' (1937) ಕೂದಲೆಳೆಯ ಅಂತರದಲ್ಲಿ ಸ್ಥಾನ ಕಳೆದುಕೊಂಡಿದೆ. ಟೆರೆನ್ಸ್ ರ್‍ಯಾಟಿಗನ್ ನಾಟಕ ಆಧರಿಸಿದ 'ದ ಡೀಪ್ ಬ್ಲೂ ಸೀ' (1955), 'ಸ್ಟಾರ್ಮ್ ಇನ್ ಎ ಟೀಕಪ್' (1937), 'ಎ ಯಾಂಕ್ ಅಟ್ ಆಕ್ಸ್‌ಫರ್ಡ್' (1938), '21 ಡೇಸ್' (1940) ಆಸಕ್ತರು ನೋಡಬಹುದಾದವು. 1935ರಲ್ಲೂ ಲೀ ನಾಲ್ಕು ಚಿತ್ರಗಳಲ್ಲಿ ನಟಿಸಿದ್ದರು.

ಆಕೆ ಪೂರ್ಣಗೊಳಿಸಲಾಗದ ಒಂದು ಚಿತ್ರವನ್ನೂ ಇಲ್ಲಿ ನೆನೆಯಬೇಕು. 1953ರ ಆರಂಭದಲ್ಲಿ 'ಎಲಿಫೆಂಟ್ ವಾಕ್' ಚಿತ್ರೀಕರಣಕ್ಕಾಗಿ ಲೀ ಅಂದಿನ ಸಿಲೋನಿಗೆ, ಇಂದಿನ ಶ್ರೀಲಂಕೆಗೆ ಬಂದರು. ಚಹಾ ತೋಟದ ದೊರೆಯ ಹೆಂಡತಿಯ ಪಾತ್ರ. ಅಲ್ಲಿ ಆರಂಭವಾದ ಮಾನಸಿಕ ಕುಸಿತ ಹಾಲಿವುಡ್‌ಗೆ ಮರಳಿದ ಮೇಲೆ ಉಲ್ಬಣಿಸಿ, ಆಕೆಯನ್ನು ಇಂಗ್ಲೆಂಡಿಗೆ ಕರೆದೊಯ್ಯಬೇಕಾಯಿತು. ಪಾತ್ರ ಎಲಿಜಬೆತ್ ಟೇಲರ್ ಅವರ ಪಾಲಾಯಿತು. 1954ರಲ್ಲಿ ತೆರೆಕಂಡ ಆ ಚಿತ್ರದ ಕೆಲವು ದೂರದ ದೃಶ್ಯಗಳಲ್ಲಿ ಕಾಣುವ ಆಕೃತಿ ಇಂದಿಗೂ ಲೀ ಅವರದೇ. ವಿದ್ಯುತ್ ಆಘಾತ ಚಿಕಿತ್ಸೆ ಪಡೆದು ಆಕೆ ಮತ್ತೆ ರಂಗಕ್ಕೆ ಮರಳಿದರು. 1963ರಲ್ಲಿ 'ತೊವಾರಿಚ್' ಎಂಬ ಸಂಗೀತ ನಾಟಕಕ್ಕಾಗಿ ಅಮೆರಿಕದ ಟೋನಿ ಪ್ರಶಸ್ತಿಯನ್ನೂ ಗೆದ್ದರು.

ಎಲ್ಲಿಂದ ಆರಂಭಿಸಬೇಕು?

ಲೀ ಅವರ ಒಂದು ಚಿತ್ರವನ್ನೂ ನೋಡದವರು 'ವಾಟರ್‌ಲೂ ಬ್ರಿಜ್'ನಿಂದ ಆರಂಭಿಸುವುದು ಸೂಕ್ತ. ಎರಡು ಗಂಟೆಯೊಳಗೆ ಮುಗಿಯುವ, ನಮ್ಮ ಪ್ರೇಕ್ಷಕರ ಅಭಿರುಚಿಗೆ ಹತ್ತಿರವಾದ ಕಥೆ. ಬಳಿಕ ಬಿಡುವಿನ ಭಾನುವಾರ 'ಗಾನ್ ವಿತ್ ದ ವಿಂಡ್', ಕಡೆಗೆ 'ಸ್ಟ್ರೀಟ್‌ಕಾರ್'. ಈ ಕ್ರಮದಲ್ಲಿ ನೋಡಿದರೆ ಇನ್ನೊಂದು ಅಂಶವೂ ಮನದಟ್ಟಾಗುತ್ತದೆ. ಸ್ಕಾರ್ಲೆಟ್ ತನ್ನ ಮನೆಯನ್ನು ಉಳಿಸಿಕೊಳ್ಳುತ್ತಾಳೆ, ಬ್ಲಾಂಚ್ ಕಳೆದುಕೊಳ್ಳುತ್ತಾಳೆ. ಎಮ್ಮಾ ಸೆರೆಮನೆಯಲ್ಲಿ, ಮಿಸೆಸ್ ಸ್ಟೋನ್ ಪರದೇಶದಲ್ಲಿ, ಮೇರಿ ಟ್ರೆಡ್ವೆಲ್ ಹಡಗಿನಲ್ಲಿ ಕಾಣಸಿಗುತ್ತಾರೆ. ಮುಗಿದುಹೋಗುತ್ತಿದ್ದ ಒಂದು ಸಾಮ್ರಾಜ್ಯದ ದಂಡಿನ ಅಧಿಕಾರಿಯ ಮಗಳು, ತಮ್ಮ ಲೋಕ ಮುಗಿದುಹೋದ ಹೆಂಗಸರನ್ನು ಮತ್ತೆ ಮತ್ತೆ ತೆರೆಗೆ ತಂದರು.

1967ರ ಜುಲೈ 8ರಂದು, 53ನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ಲೀ ಲಂಡನ್ನಿನಲ್ಲಿ ನಿಧನರಾದರು. ಅಂದು ರಾತ್ರಿ ಅಲ್ಲಿನ ವೆಸ್ಟ್ ಎಂಡ್ ನಾಟಕಶಾಲೆಗಳು ಹೊರಗಿನ ದೀಪಗಳನ್ನು ಆರಿಸಿ ಗೌರವ ಸಲ್ಲಿಸಿದವು. ಆಕೆಯಂತಹವರ ಚಿತ್ರಗಳಿಗೆ ಮನೆಯಾಗಿದ್ದ ಬೆಂಗಳೂರು ದಂಡಿನ ಚಿತ್ರಮಂದಿರಗಳ ದೀಪಗಳು ಒಂದೊಂದಾಗಿ ಆರಿವೆ. ಚಿತ್ರಗಳು ಉಳಿದಿವೆ.